ಫೋನ್‌ಪೇ ಬಳಸುವವರು ಸೇವಾಸಿಂಧುವಿಗೆ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ, ಅಂದರೆ ಈಗಿನ ಅರಿವು ಕೇಂದ್ರದ ಮೇಲ್ವಿಚಾರಕಿ. ಎರಡು ವರ್ಷದಿಂದ ಸಂಜೆ ಹೊತ್ತು ಊರಿನವರಿಗೆ ಮೊಬೈಲಿನಲ್ಲೇ ಸೇವಾಸಿಂಧು, ನಾಡಕಚೇರಿ ಎಂಬ ಸರ್ಕಾರಿ ತಾಣಗಳಲ್ಲಿ ಅರ್ಜಿ ಹಾಕುವುದನ್ನು ಹೇಳಿಕೊಡುತ್ತಿದ್ದೇನೆ. ಫೋನ್‌ಪೇ, ವಾಟ್ಸ್ಆ್ಯಪ್ ಎಲ್ಲರಿಗೂ ಗೊತ್ತು. ನಾನು ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಮರುದಿನ ನೋಡಿದರೆ ಕೂಲಿ ಬಿಟ್ಟು, ಕೈಯಿಂದ ಹಣ ಕೊಟ್ಟು ಗ್ರಾಮ ಒನ್ ಸೇವಾ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತಿರುತ್ತಾರೆ. ಜನರಿಗೆ ಸರ್ಕಾರದ ವೆಬ್‌ಸೈಟ್ ಮೇಲೆ ನಂಬಿಕೆ ಇಲ್ಲವೇ? ಕಲಿಯುವ ಮನಸ್ಸಿಲ್ಲವೇ? ಅಥವಾ ನಾನೇ ಸರಿಯಾಗಿ ಹೇಳಿಕೊಡುತ್ತಿಲ್ಲವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಪಾಠದಲ್ಲಿ ದೋಷವಿಲ್ಲ. ಕಲಿಯುವ ಮನಸ್ಸಿಲ್ಲದವರು ದನ ಕಟ್ಟಿ, ಅಡುಗೆ ಬಿಟ್ಟು ಸಂಜೆ ನಿಮ್ಮ ಹತ್ತಿರ ಬಂದು ಕೂರುವುದಿಲ್ಲ. ಅವರು ಕಲಿತಿದ್ದಾರೆ. ಕಲಿತ ಮೇಲೂ ಗ್ರಾಮ ಒನ್‌ಗೆ ಹೋಗುತ್ತಾರೆಂದರೆ, ಮೊಬೈಲಿನಲ್ಲಿ ಸಿಗದ ಏನೋ ಒಂದು ಅಲ್ಲಿ ಸಿಗುತ್ತಿದೆ. ಅದೇನೆಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಕೆಲವು ವರ್ಷದ ಹಿಂದೆ ಉತ್ತರ ಕರ್ನಾಟಕದ ಒಂದು ಹೋಬಳಿಯಲ್ಲಿ ಸೇವಾ ಕೇಂದ್ರದ ಬೆಂಚಿನ ಮೇಲೆ ದಿನವಿಡೀ ಕೂತು, ಬಂದವರನ್ನು ಮಾತನಾಡಿಸುತ್ತಿದ್ದೆ. ಮಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆಂದು ಬಂದಿದ್ದ ತಾಯಿಯೊಬ್ಬರ ಕೈಯಲ್ಲಿ ಒಳ್ಳೆಯ ಫೋನಿತ್ತು. ಹೊಲಿಗೆ ಕೆಲಸ ಅವರದು. ಗಿರಾಕಿಗಳ ಹಣವೆಲ್ಲ ಅದೇ ಫೋನಿಗೆ ಬರುತ್ತಿತ್ತು. ಅರ್ಜಿಯನ್ನೂ ಇದರಲ್ಲೇ ಹಾಕಬಹುದಲ್ಲ ಎಂದೆ. ಅವರು ಹೇಳಿದರು: "ಅಂವ ತಪ್ಪು ಮಾಡಿದ್ರ ಅಂವನ್ನ ಹಿಡದು ಕೇಳ್ತೀನ್ರಿ. ನಾನ ತಪ್ಪು ಮಾಡಿದ್ರ ಯಾರನ್ನ ಕೇಳ್ಲಿ?"

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಮಾತಿನಲ್ಲೇ ಇದೆ. ಕೇಂದ್ರದಲ್ಲಿ ಅವರು ಹಣ ಕೊಟ್ಟು ಕೊಳ್ಳುತ್ತಿರುವುದು ಟೈಪಿಂಗ್ ಕೆಲಸವನ್ನಷ್ಟೇ ಅಂದುಕೊಳ್ಳಬೇಡಿ. ತಪ್ಪಾದರೆ ಹಿಡಿದು ಕೇಳಲು ಒಬ್ಬ ಮನುಷ್ಯನನ್ನು ಕೊಳ್ಳುತ್ತಿದ್ದಾರೆ.

ಈಗ ಫೋನ್‌ಪೇಯನ್ನೇ ತೆಗೆದುಕೊಳ್ಳಿ. ಹೊಸಬರಿಗೆ ಹಣ ಕಳಿಸುವಾಗ ನಿಮ್ಮೂರಿನವರು ಏನು ಮಾಡುತ್ತಾರೆ? ಮೊದಲು 1 ರೂಪಾಯಿ ಹಾಕಿ, "ಬಂತೇನ್ರಿ?" ಎಂದು ಕೇಳಿ, ಆಮೇಲೆ ಉಳಿದದ್ದನ್ನು ಕಳಿಸುತ್ತಾರೆ. ಅಂಗಡಿಯಲ್ಲಾದರೆ ಪೆಟ್ಟಿಗೆಯೇ ಕೂಗಿ ಹೇಳುತ್ತದೆ. ಒಬ್ಬರಿಂದೊಬ್ಬರಿಗೆ ಕಳಿಸಿದ ಹಣ ಖಾತೆಯಿಂದ ಕಡಿತವಾಗಿ ಆಚೆಯವರಿಗೆ ಸೇರದಿದ್ದರೆ ಅದು ಮರುದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು, ಅದನ್ನೂ ಗ್ರಾಹಕರು ದೂರು ಕೊಡಲೆಂದು ಕಾಯದೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಈ ಸುತ್ತೋಲೆಯನ್ನು ನಿಮ್ಮೂರಿನಲ್ಲಿ ಯಾರೂ ಓದಿರಲಿಕ್ಕಿಲ್ಲ. ಆದರೆ ಹೋದ ಹಣ ತಿರುಗಿ ಬಂದದ್ದನ್ನು ಕಂಡಿದ್ದಾರೆ, ಪಕ್ಕದ ಮನೆಯವರಿಂದ ಕೇಳಿದ್ದಾರೆ. ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಸರ್ಕಾರದ ಅರ್ಜಿಗೆ ಹೀಗೆ 1 ರೂಪಾಯಿಯ ಪರೀಕ್ಷೆ ಇಲ್ಲ. ಒಂದೇ ಸಲ ಪೂರ್ತಿ ನೀರಿಗೆ ಇಳಿಯಬೇಕು. ತಪ್ಪಾಗಿದೆ ಎಂದು ಗೊತ್ತಾಗುವುದೂ ಆ ಹೊತ್ತಿನಲ್ಲಲ್ಲ, ತಿಂಗಳುಗಳ ಮೇಲೆ. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಮಗಳು ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣದಲ್ಲಿ ಹಾಕುತ್ತಾಳೆ, ಸಿಇಟಿ ಅರ್ಜಿಯಲ್ಲಿ ಹಾಕುತ್ತಾಳೆ. ಅಲ್ಲಿಗೆ ಬಂದ ಮೇಲೆ ತಿಳಿಯುತ್ತದೆ, ಅಂಕಪಟ್ಟಿಯ ಹೆಸರಿಗೂ ಪ್ರಮಾಣಪತ್ರದ ಹೆಸರಿಗೂ ತಾಳೆಯಾಗುತ್ತಿಲ್ಲ ಎಂದು. ಕೊನೆಯ ದಿನಾಂಕ ಹತ್ತಿರವಿರುತ್ತದೆ. ತಾಲ್ಲೂಕು ಕಚೇರಿಗೆ, ಶಾಲೆಗೆ, ಬ್ಯಾಂಕಿಗೆ ಓಡಾಟ ಶುರುವಾಗುತ್ತದೆ. ಒಂದಕ್ಷರಕ್ಕಾಗಿ ಒಂದು ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪಬಹುದು.

ಹೆಸರಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವೆಬ್‌ಸೈಟ್ ಮಾಡುವವರು ಇದನ್ನು ಸಣ್ಣದೆಂದು ತಿಳಿಯುತ್ತಾರೆ. ಲಕ್ಷ್ಮವ್ವ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯುವುದಕ್ಕೆ ಒಂದೇ ದಾರಿ. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಒಬ್ಬರು ‘ಎಕ್ಸ್’ ಹಾಕುತ್ತಾರೆ, ಇನ್ನೊಬ್ಬರು ‘ಕೆ, ಎಸ್, ಎಚ್’ ಹಾಕುತ್ತಾರೆ, ‘ವ್ವ’ಕ್ಕೆ ಕೆಲವರು ಒಂದು ‘ವಿ’, ಕೆಲವರು ಎರಡು. ಶಾಲೆಯಲ್ಲಿ ಬರೆದವರು ಮುಖ್ಯೋಪಾಧ್ಯಾಯರು, ಆಧಾರ್‌ನಲ್ಲಿ ಬರೆದವನು ಶಿಬಿರದ ಆಪರೇಟರ್, ಪಾಸ್‌ಬುಕ್ಕಿನಲ್ಲಿ ಬರೆದವರು ಬ್ಯಾಂಕಿನ ಗುಮಾಸ್ತರು. ನಿಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಮೈಸೂರು ಕಡೆ ಇನಿಶಿಯಲ್. ಫಾರಂನಲ್ಲಿ ಮಾತ್ರ ಒಂದು ಪೆಟ್ಟಿಗೆ ಮೊದಲ ಹೆಸರಿಗೆ, ಒಂದು ಕೊನೆಯ ಹೆಸರಿಗೆ. ಮೂರು ಜನ ಮೂರು ರೀತಿ ಬರೆದ ಹೆಸರನ್ನು ಕಂಪ್ಯೂಟರು ಮೂರು ಮನುಷ್ಯರೆಂದು ಓದಿದರೆ, ಅದನ್ನು ಸರಿಮಾಡಿಸುವ ಹೊರೆ ಆ ಹೆಸರನ್ನು ಇಂಗ್ಲಿಷಿನಲ್ಲಿ ಎಂದೂ ಬರೆಯದ ಲಕ್ಷ್ಮವ್ವನ ತಲೆಯ ಮೇಲೆ ಬರುತ್ತದೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಜನರು ಹೊಸ ತಂತ್ರಜ್ಞಾನವನ್ನು ಯಾವಾಗ ಒಪ್ಪುತ್ತಾರೆ ಎಂಬ ಬಗ್ಗೆ ದೊಡ್ಡ ಅಧ್ಯಯನ ಪರಂಪರೆಯೇ ಇದೆ. 1989ರಲ್ಲಿ ಫ್ರೆಡ್ ಡೇವಿಸ್ ಎಂಬ ವಿದ್ವಾಂಸರು ಎರಡು ಮಾತು ಹೇಳಿದರು: ಇದರಿಂದ ನನಗೆ ಉಪಯೋಗವಿದೆ ಅನ್ನಿಸಬೇಕು, ಇದು ಸುಲಭ ಅನ್ನಿಸಬೇಕು. 2003ರಲ್ಲಿ ವೆಂಕಟೇಶ್ ಮತ್ತು ಸಂಗಡಿಗರು ಇದಕ್ಕೆ ಸುತ್ತಲಿನವರ ಪ್ರಭಾವವನ್ನೂ, ಫೋನು, ನೆಟ್‌ವರ್ಕು, ಸಹಾಯ ಮಾಡುವವರು ಇವೆಲ್ಲ ಕೈಗೆ ಸಿಗುವ ಅನುಕೂಲವನ್ನೂ ಸೇರಿಸಿದರು. ಸರ್ಕಾರದ ತಾಣಗಳ ಬಗ್ಗೆ ಬರೆದವರು ನಂಬಿಕೆಯನ್ನು ಸೇರಿಸಿದರು. ಇವೆಲ್ಲ ಕೆಲಸಕ್ಕೆ ಬರುವ ಮಾತುಗಳೇ. ನಾನೂ ಇವನ್ನೇ ಓದಿಕೊಂಡು ಬೆಳೆದವನು. ಆದರೆ ಈ ಮಾದರಿಗಳ ಕಣ್ಣಿಗೆ ಬೀಳುವುದು ಒಬ್ಬ ವ್ಯಕ್ತಿ, ಅವನ ಕೈಯಲ್ಲೊಂದು ಯಂತ್ರ, ಅವನದೇ ನಿರ್ಧಾರ. ನಮ್ಮಂಥ ದೇಶಗಳಲ್ಲಿ ನಡೆದ ಇಂಥ ಎಷ್ಟೋ ಸಮೀಕ್ಷೆಗಳಲ್ಲಿ ಉತ್ತರ ಕೊಟ್ಟವರು ಕಾಲೇಜು ವಿದ್ಯಾರ್ಥಿಗಳು, ನಗರದ ನೌಕರರು. ಹೋಬಳಿಯ ಬೆಂಚಿನ ಮೇಲೆ ಕೂತವರನ್ನು ಕೇಳಿದ್ದು ಕಡಿಮೆ.

ಅಲ್ಲಿ ಕೇಳಿದ್ದರೆ ಮೊದಲು ಗೊತ್ತಾಗುತ್ತಿದ್ದುದು, ಫೋನು ಒಬ್ಬರದಲ್ಲ, ಮನೆಯದು ಎಂಬುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ‘ಯಾವತ್ತಾದರೂ ಇಂಟರ್ನೆಟ್ ಬಳಸಿದ್ದೀರಾ’ ಎಂಬ ಪ್ರಶ್ನೆಗೆ ಹೌದೆಂದ ಹೆಂಗಸರು ದೇಶದಲ್ಲಿ ನೂರಕ್ಕೆ 33, ಗಂಡಸರು 57. ಆಮೇಲೆ ಪರಿಸ್ಥಿತಿ ಬದಲಾಗಿದೆ, ನಿಮ್ಮೂರನ್ನು ನೋಡಿದರೇ ತಿಳಿಯುತ್ತದೆ. ಆದರೆ ಆಧಾರ್‌ಗೆ ಜೋಡಿಸಿದ ನಂಬರ್ ಯಾರದು ಎಂದು ನಿಮ್ಮ ಸಂಜೆ ಪಾಠದಲ್ಲಿ ಒಂದು ದಿನ ಕೇಳಿ ನೋಡಿ. ಗಂಡನದು, ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋದ ಮಗನದು, ರೀಚಾರ್ಜ್ ಮಾಡಿಸದೆ ಬಂದ್ ಆದ ಹಳೆಯ ಸಿಮ್ಮಿನದು. ಒಟಿಪಿ ಎಲ್ಲೋ ಹೋಗಿ ಬೀಳುತ್ತದೆ. ಆ ನಂಬರ್ ಬದಲಿಸಲು ಬಹಳ ಮಂದಿ ಆಧಾರ್ ಕೇಂದ್ರಕ್ಕೇ ಹೋಗಬೇಕಾಗುತ್ತದೆ. ಮನೆಯಲ್ಲೇ ಕೂತು ಅರ್ಜಿ ಹಾಕಿ ಅನ್ನುವ ದಾರಿಯ ಬಾಗಿಲಲ್ಲೇ ಹೀಗೊಂದು ಕೇಂದ್ರ ಕೂತಿದೆ.

ಇನ್ನು ಭಾಷೆ. ಪುಟದ ನೆತ್ತಿಯ ಮೇಲೆ ಕನ್ನಡವಿರುತ್ತದೆ. ಏನಾದರೂ ತಪ್ಪಾದ ಗಳಿಗೆಯಲ್ಲಿ, ಅಂದರೆ ಮನುಷ್ಯನಿಗೆ ತನ್ನ ಭಾಷೆ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿ, ಹಲವು ತಾಣಗಳು ‘ಇನ್‌ವ್ಯಾಲಿಡ್ ಇನ್‌ಪುಟ್’ ಎಂದು ಇಂಗ್ಲಿಷಿಗೆ ತಿರುಗುತ್ತವೆ. ಜಮೀನಿನ ಪಹಣಿಗೆ ನಿಮ್ಮ ಕಡೆ ರೈತರು ‘ಉತಾರ’ ಅನ್ನುತ್ತಾರೆ, ತಾಣ ‘ಆರ್‌ಟಿಸಿ’ ಅನ್ನುತ್ತದೆ. ಆದೇಶಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ, ಇಲ್ಲವೇ ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿರುತ್ತಾರೆ. ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಗ ಜನ ಯೂಟ್ಯೂಬ್ ನೋಡುತ್ತಾರೆ, ಅಲ್ಲಿ ಹೇಳಿದ್ದು ಸರಿಯೋ ತಪ್ಪೋ ತಿಳಿಯದೆ ಮತ್ತೆ ಕೇಂದ್ರಕ್ಕೇ ಬರುತ್ತಾರೆ.

ಹಾಗಾದರೆ ನಮ್ಮ ಜನ ಸರ್ಕಾರದ ಕಂಪ್ಯೂಟರನ್ನು ಮನಸಾರೆ ಒಪ್ಪಿದ್ದು ಎಂದೂ ಇಲ್ಲವೇ? ಇದೆ. ಅದನ್ನು ನೀವು ತಿಳಿದಿರಬೇಕೆಂದು ನನ್ನ ಆಸೆ. 2000ರ ಆಸುಪಾಸಿನಲ್ಲಿ ಕರ್ನಾಟಕ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿಯವರೆಗೆ ದಾಖಲೆ ಇದ್ದದ್ದು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ. ಲೆಕ್ಕಿಗರು ಸಿಕ್ಕರೆ ಪಹಣಿ, ಇಲ್ಲದಿದ್ದರೆ ನಾಳೆ ಬಾ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳ್ತನದಲ್ಲಿ ಆಗ 177 ತಾಲ್ಲೂಕುಗಳಲ್ಲೂ ಕೌಂಟರ್ ತೆರೆದರು. 15 ರೂಪಾಯಿ ಕೊಟ್ಟರೆ ಅಲ್ಲೇ ಪ್ರಿಂಟ್. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದೂ ಹೇಳಿದರು. ಆದ್ದರಿಂದ ರೈತರು ಇಷ್ಟಪಟ್ಟೇ ಬಂದರು ಎಂದು ಪೂರ್ತಿಯಾಗಿ ಹೇಳಲಾಗದು. ಬೇರೆ ದಾರಿ ಮುಚ್ಚಿತ್ತು.

ಆದರೂ ಆ ಕೌಂಟರಿನಲ್ಲಿ ಒಂದು ವಿಶೇಷವಿತ್ತು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತ್ಯಂತ ವಿವೇಕದ ಕೆಲಸ ಅದೇ. ಆಪರೇಟರ್ ಮುಂದೆ ಒಂದು ಪರದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ಒಳಗೆ ಏನು ಟೈಪ್ ಆಗುತ್ತಿದೆಯೋ ಅದು ರೈತನಿಗೂ ಕಾಣಬೇಕು. ಕಲಂ 9ರಲ್ಲಿ ತನ್ನ ಹೆಸರು, ಕಲಂ 11ರಲ್ಲಿ ಸೊಸೈಟಿಯ ಸಾಲ, ಕಲಂ 12ರಲ್ಲಿ ಬೆಳೆ. ಓದು ಬಾರದವರು ಜೊತೆಗೆ ಬಂದವರಿಂದ ಓದಿಸಿ ಕೇಳಬಹುದಿತ್ತು. ಖಾತೆ ಬದಲಾವಣೆಯ ಅರ್ಜಿಗಳಿಗೂ ಸರದಿ ಇತ್ತು, ಮೊದಲು ಬಂದದ್ದನ್ನು ಮೊದಲು ತೆಗೆದುಕೊಳ್ಳಬೇಕು, ಯಾರ ಅರ್ಜಿಯನ್ನೂ ಕಾರಣವಿಲ್ಲದೆ ಹಾರಿಸುವಂತಿಲ್ಲ. ಅಧಿಕಾರಿಗಳು ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು, ಹಾಗಾಗಿ ಏನಾದರೂ ತಿದ್ದಿದರೆ ತಿದ್ದಿದವರು ಯಾರೆಂದು ಗೊತ್ತಾಗುತ್ತದೆ. ಭೂಮಿ ಯೋಜನೆಯ ಬಗ್ಗೆ ಟೀಕೆಗಳಿವೆ, ಅವುಗಳಲ್ಲಿ ತೂಕವೂ ಇದೆ. ಪಹಣಿ ಸುಲಭವಾಯಿತು, ಜಮೀನು ಭಾಗವಾದಾಗ ಅಳತೆ ಮಾಡಿ ಬೇರೆ ಮಾಡುವ ಪೋಡಿ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ, ಇವುಗಳ ತೊಡಕು ಹಾಗೇ ಉಳಿಯಿತು. ತೀರಿಕೊಂಡ ಅಜ್ಜಂದಿರ ಹೆಸರಿನಲ್ಲಿ ಇಂದಿಗೂ ಎಷ್ಟೋ ಪಹಣಿಗಳಿವೆ. ಆದರೆ ತಪ್ಪನ್ನು ಅಲ್ಲೇ, ಆಗಲೇ ಕಾಣುವ ಅವಕಾಶ ಅಲ್ಲಿತ್ತು.

ಇಂದು ನಿಮ್ಮೂರ ಕೇಂದ್ರದಲ್ಲಿ ಪರದೆ ಯಾರ ಕಡೆಗೆ ತಿರುಗಿದೆ, ಹೋಗಿ ನೋಡಿ. ಬಹುಪಾಲು ಕೇಂದ್ರಗಳಲ್ಲಿ ನಾನು ಕಂಡಿದ್ದು ಆಪರೇಟರ್ ಕಡೆಗೆ.

2023ರ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಯಾವ ಸಂಶೋಧಕರೂ ಏರ್ಪಡಿಸಲಾಗದಂಥ ಒಂದು ಪ್ರಯೋಗ ತಾನಾಗಿ ನಡೆದುಹೋಯಿತು. ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಸೇವಾಸಿಂಧುವಿನಲ್ಲಿ ಶುರುವಾಯಿತು. ಕರೆಂಟ್ ಬಿಲ್ಲಿನ ಮೇಲಿನ ಖಾತೆ ಸಂಖ್ಯೆ, ಆಧಾರ್, ಮೊಬೈಲಿಗೆ ಬಂದ ಒಟಿಪಿ. ಮೊದಲ ದಿನಗಳಲ್ಲಿ ಸರ್ವರ್ ಕೈಕೊಟ್ಟಿತು, ಜನ ಬೈದರು. ಆದರೂ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಮಕ್ಕಳೋ ಸೊಸೆಯೋ ರಾತ್ರಿ ಹತ್ತರ ಮೇಲೆ ಕೂತು ಫೋನಿನಲ್ಲೇ ನೋಂದಣಿ ಮುಗಿಸಿದರು. ಜುಲೈನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ಅದಕ್ಕೆ ಜನ ಗ್ರಾಮ ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರಗಳಲ್ಲಿ ಸಾಲುಗಟ್ಟಿದರು. ಅದೇ ಜನ, ಅದೇ ಫೋನು, ಒಂದು ತಿಂಗಳ ಅಂತರ. ಗೃಹಲಕ್ಷ್ಮಿಯ ವ್ಯವಸ್ಥೆಯನ್ನೇ ಕೇಂದ್ರಗಳ ಮೂಲಕ ಮಾಡಿದ್ದರು ಎಂಬುದು ಒಂದು ಕಾರಣ, ಒಪ್ಪುತ್ತೇನೆ. ಆದರೆ ಇನ್ನೊಂದನ್ನೂ ಗಮನಿಸಿ. ಗೃಹಜ್ಯೋತಿಯಲ್ಲಿ ತಪ್ಪಾದರೆ ಮುಂದಿನ ಬಿಲ್ಲೇ ಹೇಳುತ್ತಿತ್ತು. ಮೀಟರ್ ರೀಡರ್ ಮನೆ ಬಾಗಿಲಿಗೇ ಬರುತ್ತಾನೆ, ಅವನನ್ನು ಕೇಳಬಹುದು. ಗೃಹಲಕ್ಷ್ಮಿಯಲ್ಲಿ ರೇಷನ್ ಕಾರ್ಡಿನ ಯಜಮಾನಿಯ ಹೆಸರು, ಆಧಾರ್ ಜೋಡಣೆ, ಬ್ಯಾಂಕಿನ ಇ-ಕೆವೈಸಿ (ಗುರುತಿನ ಪರಿಶೀಲನೆ), ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್‌ಗೆ ಬರುವ ಹಣ ಯಾವ ಖಾತೆಗೆ ಬೀಳಬೇಕೆಂಬ ಗುರುತು), ಇಷ್ಟೂ ತಾಳೆಯಾಗಬೇಕು. ಎಲ್ಲಿ ಕೊಂಡಿ ತಪ್ಪಿದೆ ಎಂದು ಹೇಳುವವರಿಲ್ಲ. ಹಾಗಿರುವಾಗ ಹೆಣ್ಣುಮಕ್ಕಳು ಹಿಡಿದು ಕೇಳಲು ಒಬ್ಬ ಮನುಷ್ಯ ಬೇಕೆಂದು ಬಯಸಿದರೆ ಅದು ಅಜ್ಞಾನವೇ?

ಹೊಣೆಯನ್ನು ಕಾನೂನಿನಲ್ಲಿ ಬರೆಯುವ ಪ್ರಯತ್ನವನ್ನೂ ಕರ್ನಾಟಕ ಮಾಡಿದೆ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂತು. ಅರ್ಜಿ ಕೊಟ್ಟಾಗ ಅದರ ಗುರುತಿಗೆ ಜಿಎಸ್‌ಸಿ ಎಂಬ ಸಂಖ್ಯೆ ಕೊಡಬೇಕು, ನಿಗದಿತ ದಿನಗಳಲ್ಲಿ ಕೆಲಸವಾಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ. ಸಂಖ್ಯೆ ಕೊಡುವ ಪದ್ಧತಿ ದೊಡ್ಡ ಉಪಕಾರ ಮಾಡಿತು. ‘ನಿನ್ನ ಅರ್ಜಿ ಬಂದೇ ಇಲ್ಲ’ ಎನ್ನುವ ಮಾತಿಗೆ ಅದರಿಂದ ಕಡಿವಾಣ ಬಿತ್ತು. ಪರಿಹಾರವನ್ನು ಮಾತ್ರ ನಾಗರಿಕರೇ ಕೇಳಿ ಪಡೆಯಬೇಕು. ನಾಳೆ ಮತ್ತೊಂದು ಕೆಲಸಕ್ಕೆ ಯಾವ ಮೇಜಿನ ಮುಂದೆ ನಿಲ್ಲಬೇಕೋ ಅದೇ ಮೇಜಿನ ವಿರುದ್ಧ ಇವತ್ತು 20 ರೂಪಾಯಿ ಕೇಳುವ ಧೈರ್ಯ ಯಾರಿಗಿದೆ? ರಿಸರ್ವ್ ಬ್ಯಾಂಕಿನ ‘ಕೇಳದೆಯೇ ಕೊಡಬೇಕು’ ಎಂಬ ನಿಯಮದ ಪಕ್ಕ ಇದನ್ನಿಟ್ಟು ನೋಡಿ.

ಸರ್ಕಾರಗಳು ಎಷ್ಟು ಅರ್ಜಿ ಆನ್‌ಲೈನ್ ಬಂತು ಎಂದು ಎಣಿಸುತ್ತವೆ. ಅದಕ್ಕೆಂದೇ ಕೇಂದ್ರ ಸರ್ಕಾರದ ‘ಇ-ತಾಲ್’ ಎಂಬ ಆನ್‌ಲೈನ್ ಫಲಕವಿದೆ. ಬಟನ್ ಒತ್ತಿದ್ದು ಅರ್ಜಿದಾರರೋ, ಆಪರೇಟರೋ ಎಂಬುದು ಆ ಎಣಿಕೆಯಲ್ಲಿ ಕಾಣದು. ನನ್ನನ್ನು ಕೇಳಿದರೆ, ಯಾರು ಒತ್ತಿದರು ಎಂಬುದೂ ಅಷ್ಟು ಮುಖ್ಯವಲ್ಲ. ಒಂದು ಪ್ರಮಾಣಪತ್ರಕ್ಕೆ ಎಷ್ಟು ಸಲ ಕೂಲಿ ಬಿಟ್ಟು ಓಡಾಡಬೇಕಾಯಿತು, ಎಷ್ಟು ಅರ್ಜಿ ಹೆಸರಿನ ಒಂದಕ್ಷರಕ್ಕಾಗಿ ತಿರಸ್ಕೃತವಾಯಿತು, ಅದನ್ನು ಎಣಿಸಬೇಕು. ಸರ್ಕಾರದ ಬಳಿ ಆಗಲೇ ಇರುವ ಮಾಹಿತಿಗೆ ಮತ್ತೆ ಅರ್ಜಿ ಕೇಳುವುದನ್ನೇ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ನಾಡಕಚೇರಿಯಲ್ಲಿ ಮೊದಲೇ ಪರಿಶೀಲಿಸಿಟ್ಟ ಮಾಹಿತಿಯಿಂದ ಕೂಡಲೇ ಪ್ರಮಾಣಪತ್ರ ಕೊಡುವ ‘ಓವರ್ ದ ಕೌಂಟರ್’ ಪದ್ಧತಿ ಈ ದಿಕ್ಕಿನದು. ಅದು ಎಲ್ಲ ಸೇವೆಗಳಿಗೂ ಹಬ್ಬಬೇಕು.

ಇನ್ನು ನಿಮ್ಮ ಸಂಜೆ ಪಾಠದ ಮಾತಿಗೆ ಬರೋಣ. ಅರ್ಜಿ ಹಾಕುವುದನ್ನು ಸದ್ಯಕ್ಕೆ ಕೊನೆಗೆ ಇಡಿ. ತಪ್ಪಾದರೂ ಏನೂ ಕಳೆದುಕೊಳ್ಳದ ಕೆಲಸಗಳಿಂದ ಶುರುಮಾಡಿ. ಭೂಮಿ ತಾಣದಲ್ಲಿ ಸರ್ವೆ ನಂಬರ್ ಹಾಕಿ ತಮ್ಮ ಉತಾರ ನೋಡುವುದು. ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಗೃಹಲಕ್ಷ್ಮಿ ಹಣ ಯಾವ ತಿಂಗಳು ಯಾವ ಬ್ಯಾಂಕಿಗೆ ಬಿತ್ತು ಎಂದು ನೋಡುವುದು. ಹಾಕಿದ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ನೋಡುವುದು. ಇವು ಸರ್ಕಾರಿ ತಾಣದ 1 ರೂಪಾಯಿ ಪರೀಕ್ಷೆಗಳು. ಬರೀ ನೋಡುವ ಕೆಲಸದಿಂದ ಧೈರ್ಯ ಬಂದವರು ಆಮೇಲೆ ಬರೆಯುವ ಕೆಲಸಕ್ಕೆ ತಾವೇ ಕೈಹಾಕುತ್ತಾರೆ. ಹಾಕದಿದ್ದರೂ ನಷ್ಟವಿಲ್ಲ, ಕೇಂದ್ರಕ್ಕೆ ಹೋದಾಗ ಆಪರೇಟರ್ ಏನು ಮಾಡುತ್ತಿದ್ದಾನೆಂದು ಅವರಿಗೆ ತಿಳಿದಿರುತ್ತದೆ.

ಎರಡನೆಯದು, ಹತ್ತನೇ ತರಗತಿಗೆ ಕಾಲಿಡುವ ಮಕ್ಕಳಿರುವ ಮನೆಗಳಿಗೆ ಒಂದು ಸಂಜೆ ಮೀಸಲಿಡಿ. ಶಾಲೆಯ ದಾಖಲೆ, ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಹಳೆಯ ಪ್ರಮಾಣಪತ್ರ ಇಷ್ಟನ್ನೂ ಒಂದೇ ಚಾಪೆಯ ಮೇಲೆ ಹರಡಿ, ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡಿ. ಅಂಕಪಟ್ಟಿ ಮುದ್ರಣವಾಗುವ ಮೊದಲು ಶಾಲೆಯಲ್ಲೇ ತಿದ್ದಿಸುವುದು ಸುಲಭ, ಆಮೇಲೆ ಕಷ್ಟ. ಹೊಸ ಅರ್ಜಿಗಳನ್ನೆಲ್ಲ ಕಲಿಸುವುದಕ್ಕಿಂತ ಈ ಒಂದು ಸಂಜೆಯಿಂದ ನಿಮ್ಮೂರಿಗೆ ಹೆಚ್ಚು ಉಪಕಾರವಾಗುತ್ತದೆ ಎಂದು ನಾನು ಖಚಿತವಾಗಿ ನಂಬಿದ್ದೇನೆ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಅದು ಮುಗಿಯುವ ತಿಂಗಳನ್ನೂ ಆಗಲೇ ಬರೆದಿಡಿಸಿ.

ಜನರ ಒಟಿಪಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ನೀವು ಇಟ್ಟುಕೊಳ್ಳಬೇಡಿ, ಎಷ್ಟೇ ಒತ್ತಾಯಿಸಿದರೂ. ಸರ್ಕಾರಿ ತಾಣವೆಂದು ಹೇಳಿಕೊಳ್ಳುವುದರ ಹೆಸರಿನ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ಎಂದು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ. ಮನೆಯ ಹಿರಿಯರಿಗೆ ಅವರೇ ಕಾವಲು.

ಕೊನೆಯದಾಗಿ ಪಂಚಾಯಿತಿಯಲ್ಲಿ ಒಂದು ಬೇಡಿಕೆ ಇಡಿ. ಗ್ರಾಮ ಒನ್ ಆಪರೇಟರ್ ನಿಮ್ಮ ಎದುರಾಳಿಯಲ್ಲ. ಅವನೂ ಸರ್ವರ್ ಡೌನ್ ಆದಾಗ ಜನರಿಂದ ಬೈಸಿಕೊಳ್ಳುವ ನಿಮ್ಮೂರ ಹುಡುಗನೇ. ಅವನ ಕಂಪ್ಯೂಟರಿಗೆ ಇನ್ನೊಂದು ಪರದೆ ಜೋಡಿಸಿ, ಬಂದವರ ಕಡೆಗೆ ತಿರುಗಿಸಲು ಕೇಳಿ. ಅರಿವು ಕೇಂದ್ರದಲ್ಲಿ ಬಳಕೆಯಾಗದ ಹಳೆಯ ಮಾನಿಟರ್ ಇದ್ದರೂ ಸಾಕು, ಒಂದು ಕೇಬಲ್ಲಿನ ಖರ್ಚು. ‘ಸಲ್ಲಿಸು’ ಒತ್ತುವ ಮೊದಲು ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ. ಬಂದವರು ಹೌದೆಂದ ಮೇಲೆಯೇ ಒತ್ತಲಿ. ಅರ್ಜಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡಲಿ, ಯಾವ ಮೊಬೈಲ್ ನಂಬರ್ ಹಾಕಿದ್ದಾನೆಂದು ಅದೇ ಚೀಟಿಯಲ್ಲಿ ಬರೆಯಲಿ. ಆ ಚೀಟಿ ಹಿಡಿದು ಸಂಜೆ ನಿಮ್ಮ ಹತ್ತಿರ ಬಂದವರಿಗೆ, ಅರ್ಜಿ ಎಲ್ಲಿಗೆ ಬಂತೆಂದು ಅವರ ಫೋನಿನಲ್ಲೇ, ಅವರ ಬೆರಳಿನಿಂದಲೇ ಒತ್ತಿಸಿ ತೋರಿಸಿ.